ಕೆಂಗೇರಿ ಮೋರಿಗೂ ಒಂದು ಹೆಸರಿದೆ

ಮಳೆ ಸುರಿದು ರಸ್ತೆ ಕೆರೆಯಾದಾಗಲೆಲ್ಲ ಒಂದು ಮಾತು ಕಿವಿಗೆ ಬೀಳುತ್ತದೆ: ‘ಇದು ಪ್ಲಾನೇ ಇಲ್ಲದೆ ಬೆಳೆದ ಊರು.’

ಪಶ್ಚಿಮ ಬೆಂಗಳೂರಿನ ಮಟ್ಟಿಗೆ ಈ ಮಾತು ನಿಲ್ಲುವುದಿಲ್ಲ. 1945ರಲ್ಲಿ ಬಡಾವಣೆಗಳನ್ನು ರೂಪಿಸುವ ಸಿಐಟಿಬಿ (ಸಿಟಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಬೋರ್ಡ್) ಹುಟ್ಟಿತು. 1949ರಲ್ಲಿ ರಾಜಾಜಿನಗರಕ್ಕೆ ಅಡಿಗಲ್ಲು ಬಿತ್ತು. ಬ್ಲಾಕು, ಮೇನು, ಕ್ರಾಸು ಎಲ್ಲವೂ ಮೊದಲು ನಕ್ಷೆಯಲ್ಲಿ ಮೂಡಿ ಆಮೇಲೆ ನೆಲಕ್ಕಿಳಿದವು. ದುಡಿಯುವವರ ಮನೆಗಳ ಮಗ್ಗುಲಲ್ಲೇ ಕಾರ್ಖಾನೆಗಳಿಗೂ ಜಾಗ ಬಿಟ್ಟರು. ಇಂಡಸ್ಟ್ರಿಯಲ್ ಟೌನ್ ಎಂಬ ಹೆಸರು ಇವತ್ತಿಗೂ ಉಳಿದಿದೆ. ಕೆಲಸಕ್ಕೆ ನಡೆದುಹೋಗಬಹುದಾದ ಬಡಾವಣೆ ಅದು. ಅಷ್ಟು ವಿವೇಕವನ್ನು ನಾವು ಆಮೇಲೆ ಎಷ್ಟು ಕಡೆ ತೋರಿಸಿದ್ದೇವೆ?

ಪ್ಲಾನ್ ಇತ್ತು, ಆದರೆ ಬಡಾವಣೆಯ ಅಂಚಿಗೆ ಬಂದು ನಿಂತುಬಿಟ್ಟಿತು. ಒಂದು ಲೇಔಟಿಗೂ ಇನ್ನೊಂದಕ್ಕೂ ನಡುವೆ ಉಳಿದ ಹೊಲಗದ್ದೆಗಳು ರೆವಿನ್ಯೂ ಸೈಟುಗಳಾದವು, ಅಂದರೆ ನಕ್ಷೆಗೆ ಒಪ್ಪಿಗೆ ಪಡೆಯದೆಯೇ ತುಂಡುತುಂಡಾಗಿ ಮಾರಾಟವಾದವು. ಅಲ್ಲಿ ರಸ್ತೆ ಎಷ್ಟು ಅಗಲ, ನೀರು ಎತ್ತ ಹರಿಯಬೇಕು ಎಂದು ಕೇಳುವವರೇ ಇರಲಿಲ್ಲ.

ನೀರಿನ ವಿಷಯದಲ್ಲೇ ನಮ್ಮ ದೊಡ್ಡ ತಪ್ಪು ಕಲ್ಪನೆ ಇರುವುದು. ಮೈಸೂರು ರಸ್ತೆಯ ಪಕ್ಕದಲ್ಲಿ ಹರಿಯುವುದನ್ನು ಜನ ‘ಕೆಂಗೇರಿ ಮೋರಿ’ ಎನ್ನುತ್ತಾರೆ. ಅದು ವೃಷಭಾವತಿ ನದಿ. ಬಸವನಗುಡಿಯ ದೊಡ್ಡ ಬಸವಣ್ಣನ ಬಳಿ ಹುಟ್ಟಿ, ನಾಯಂಡಹಳ್ಳಿ, ಕೆಂಗೇರಿ ದಾಟಿ, ಬೈರಮಂಗಲ ಕೆರೆಯ ಮೂಲಕ ಅರ್ಕಾವತಿಗೆ, ಅಲ್ಲಿಂದ ಕಾವೇರಿಗೆ ಹೋಗುತ್ತದೆ. ಊರಿನ ಪಶ್ಚಿಮದ ಇಳಿಜಾರಿನ ನೀರೆಲ್ಲ ಸೇರಬೇಕಾದದ್ದು ಈ ಕಣಿವೆಯನ್ನೇ. ಮೋರಿ ಎಂದುಕೊಂಡವನಿಗೆ ಅದರ ಮೇಲೆ ಚಪ್ಪಡಿ ಎಳೆಯಲು ಅಳುಕಿಲ್ಲ. ನದಿ ಎಂದು ತಿಳಿದವನು ಪಾತ್ರ ಬಿಟ್ಟು ಹಿಂದೆ ಸರಿದು ಕಟ್ಟುತ್ತಾನೆ. 2007ರಲ್ಲಿ ಒಪ್ಪಿಗೆ ಪಡೆದ ‘ಪರಿಷ್ಕೃತ ಮಹಾಯೋಜನೆ–2015’ ಹೇಳಿದ್ದೂ ಅದನ್ನೇ: ಪ್ರಾಥಮಿಕ ರಾಜಕಾಲುವೆಯ (ಮಳೆನೀರಿನ ಮುಖ್ಯ ಕಾಲುವೆಯ) ನಡುಮಧ್ಯದಿಂದ 50 ಮೀಟರ್, ದ್ವಿತೀಯಕ್ಕೆ 25, ತೃತೀಯಕ್ಕೆ 15 ಮೀಟರ್ ಜಾಗ ಖಾಲಿ ಇರಬೇಕು.

‘ಖಾತೆ ಇದೆ, ಕಂದಾಯ ಕಟ್ಟಿದ್ದೇವೆ, ಇನ್ನೇನು?’ ಎನ್ನುವವರುಂಟು. ಖಾತೆ ಎಂದರೆ ತೆರಿಗೆಯ ಲೆಕ್ಕ ಅಷ್ಟೇ. ಅದು ಹಕ್ಕುಪತ್ರವೂ ಅಲ್ಲ, ಕಟ್ಟಲು ಕೊಟ್ಟ ಅನುಮತಿಯೂ ಅಲ್ಲ.

ಇನ್ನು, 2015 ಮುಗಿದಿದ್ದರಿಂದ ಆ ಮಹಾಯೋಜನೆಯೂ ಮುಗಿಯಿತು ಎಂಬ ನಂಬಿಕೆ. ಅದೂ ಸರಿಯಲ್ಲ. ಹೊಸದು ಜಾರಿಯಾಗುವವರೆಗೆ ಹಳೆಯದೇ ಕಾನೂನು. 2017ರ ಕೊನೆಯಲ್ಲಿ 2031ರ ಮಹಾಯೋಜನೆಯ ಕರಡು ಹೊರಬಂತು. 2020ರಲ್ಲಿ ಸರ್ಕಾರ ಅದನ್ನು ಹಿಂಪಡೆಯಿತು. ಹಳೆಯ ಯೋಜನೆಗೆ ಒಪ್ಪಿಗೆ ಸಿಕ್ಕಾಗ ಬೆಂಗಳೂರಿನಲ್ಲಿ ಒಂದು ಮೆಟ್ರೊ ರೈಲೂ ಓಡಿರಲಿಲ್ಲ. 2015ರಲ್ಲಿ ವಿಜಯನಗರಕ್ಕೆ, 2021ರಲ್ಲಿ ಕೆಂಗೇರಿಗೆ ಮೆಟ್ರೊ ಬಂತು. ನಿಲ್ದಾಣದ ಸುತ್ತ ಮನೆ, ಅಂಗಡಿ, ಪಾದಚಾರಿ ದಾರಿ ಹೇಗಿರಬೇಕೆಂಬುದು ಮಾತ್ರ ಇನ್ನೂ ಆ ಹಳೆಯ ಹಾಳೆಯಲ್ಲೇ ಇದೆ. ನನಗೆ ಅತಿ ಹೆಚ್ಚು ಕಳವಳ ತರುವ ಸಂಗತಿ ಇದು.

‘ಅದೆಲ್ಲ ಆಫೀಸಿನವರ ಕೆಲಸ, ನಮ್ಮ ಮಾತು ಯಾರು ಕೇಳ್ತಾರೆ?’ ಎನ್ನಬೇಡಿ. 1961ರ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯ ಪ್ರಕಾರ ಕರಡನ್ನು ಜನರ ಮುಂದಿಟ್ಟು ಆಕ್ಷೇಪ, ಸಲಹೆ ಪಡೆಯಲೇಬೇಕು. ಮುಂದಿನ ಕರಡು ಬಂದ ದಿನ ನಿಮ್ಮ ವಾರ್ಡಿನ ಹಾಳೆ ತೆಗೆದು ನೋಡಿ: ಕಾಲುವೆಯ ಗೆರೆ ನಿಮ್ಮ ಬೀದಿಯಿಂದ ವೃಷಭಾವತಿಯವರೆಗೆ ತುಂಡಾಗದೆ ಹೋಗಿದೆಯೇ?