ಆನ್‌ಲೈನ್ ಆಟದ ಖಾತೆಯ ರಕ್ಷಣೆ

ಕಲ್ಯಾಣದಿಂದ ಕಸಾರಾ ಕಡೆಗೆ ಸಾಗುವ ರೈಲು ಮಾರ್ಗದಲ್ಲಿ ಶಹಾಡ್, ಆಂಬಿವಲಿಗಳ ನಂತರ ಬರುವ ಟಿಟ್ವಾಳಾ ಗಣಪತಿ ಕ್ಷೇತ್ರವೆಂದು ಪ್ರಸಿದ್ಧವಾಗಿದೆ. ಮುಂಬಯಿಗೆ ನಿತ್ಯ ಪ್ರಯಾಣ ಬೆಳೆಸುವ ದುಡಿಯುವ ಜನರ ಊರೂ ಅದಾಗಿದೆ. ಇಲ್ಲಿಯೂ ಡೊಂಬಿವಲಿ, ಠಾಣೆಗಳಲ್ಲಿಯೂ ನೆಲೆಸಿರುವ ಕುಟುಂಬಗಳಲ್ಲಿ ಹಿರಿಯರ ಮೊಬೈಲ್ ಫೋನಿನಲ್ಲಿಯೇ ಮಕ್ಕಳು ಆನ್‌ಲೈನ್ ಆಟವಾಡುವುದುಂಟು. ಇಂತಹ ಆಟದ ಖಾತೆಗೆ ತಾಯಿಯ ಫೋನ್ ಸಂಖ್ಯೆ, ತಂದೆಯ ಇ-ಮೇಲ್, ಕೆಲವೊಮ್ಮೆ ಬ್ಯಾಂಕ್ ಕಾರ್ಡ್ ಸಹ ಜೋಡಣೆಯಾಗಿರುತ್ತದೆ. ಆದುದರಿಂದ ಅನ್ಯರು ಅದನ್ನು ಪ್ರವೇಶಿಸಿದಲ್ಲಿ ನಷ್ಟವು ಆಟದ ಅಂಕಗಳಿಗಷ್ಟೇ ಸೀಮಿತವಾಗುವುದಿಲ್ಲ.

ಅನ್ಯರು ಪ್ರವೇಶಿಸುವ ಬಗೆ

ಖಾತೆಯ ಕಳ್ಳನು ಬೀಗ ಒಡೆಯುವುದಕ್ಕಿಂತ ಕೀಲಿಕೈ ಸಂಪಾದಿಸುವುದೇ ಹೆಚ್ಚು. 2011ರ ಏಪ್ರಿಲ್‌ನಲ್ಲಿ ಸೋನಿ ಸಂಸ್ಥೆಯ ಪ್ಲೇಸ್ಟೇಷನ್ ಜಾಲಕ್ಕೆ ಕನ್ನ ಬಿದ್ದು, ಸುಮಾರು 7 ಕೋಟಿ 70 ಲಕ್ಷ ಖಾತೆಗಳ ಮಾಹಿತಿ ಅಪಾಯಕ್ಕೀಡಾಯಿತು. ಅದೇ ವರ್ಷ ಅಕ್ಟೋಬರ್‌ನಲ್ಲಿ ಇದೇ ಸಂಸ್ಥೆಯ ಸುಮಾರು 93,000 ಖಾತೆಗಳಿಗೆ ಅನ್ಯರು ಪ್ರವೇಶ ಪಡೆದರು. ಈ ಬಾರಿ ಕಳ್ಳರು ಬಳಸಿದ್ದು ಬೇರೆಡೆಯಿಂದ ಸೋರಿಹೋದ ಹೆಸರು ಮತ್ತು ಪಾಸ್‌ವರ್ಡ್‌ಗಳ ಪಟ್ಟಿಯನ್ನೆಂದು ಸಂಸ್ಥೆ ತಿಳಿಸಿತು. ಅನೇಕ ಬಾಗಿಲುಗಳಿಗೆ ಒಂದೇ ಕೀಲಿಕೈ ಬಳಸಿದವರೇ ಇದಕ್ಕೆ ಸುಲಭವಾಗಿ ತುತ್ತಾಗುತ್ತಾರೆ.

ಎರಡನೆಯ ಬಗೆ ಆಮಿಷ. ಉಚಿತ ವಜ್ರ, ನಾಣ್ಯ ಅಥವಾ ಉಡುಪು ಕೊಡುವುದಾಗಿ ಸಂದೇಶ ಕಳುಹಿಸಿ, ಆಟದ ಪುಟವನ್ನೇ ಹೋಲುವ ನಕಲಿ ಪುಟದಲ್ಲಿ ಪಾಸ್‌ವರ್ಡ್ ಹಾಗೂ ಓಟಿಪಿಯನ್ನು ಬರೆಸಿಕೊಳ್ಳಲಾಗುತ್ತದೆ.

ಅನುಸರಿಸಬೇಕಾದ ಕ್ರಮಗಳು

1. ಮೊದಲು ಇ-ಮೇಲ್ ಖಾತೆಯನ್ನು ಭದ್ರಪಡಿಸಬೇಕು. ಅದು ಅನ್ಯರ ಕೈಸೇರಿದರೆ ಆಟದ ಪಾಸ್‌ವರ್ಡನ್ನು ಅವರೇ ಬದಲಾಯಿಸಬಲ್ಲರು.

2. ಪ್ರತಿಯೊಂದು ಖಾತೆಗೂ ಪ್ರತ್ಯೇಕವಾದ, ದೀರ್ಘವಾದ ಪಾಸ್‌ವರ್ಡ್ ಇರಬೇಕು. ಹೆಸರು, ಜನ್ಮದಿನಾಂಕಗಳನ್ನು ಬಳಸಬಾರದು.

3. ಎರಡು ಹಂತದ ದೃಢೀಕರಣವನ್ನು ಜಾರಿಗೊಳಿಸಬೇಕು. ಆಗ ಪಾಸ್‌ವರ್ಡ್ ತಿಳಿದ ಮಾತ್ರಕ್ಕೆ ಪ್ರವೇಶ ದೊರೆಯದು.

4. ಓಟಿಪಿಯನ್ನು ಯಾರಿಗೂ, ಆಟದ ಸಂಸ್ಥೆಯವರೆಂದು ಹೇಳಿಕೊಳ್ಳುವವರಿಗೂ ತಿಳಿಸಬಾರದು.

5. ಖಾತೆ ಯಾವ ಯಾವ ಸಾಧನಗಳಲ್ಲಿ ತೆರೆದಿದೆಯೆಂದು ಆಗಾಗ ಪರಿಶೀಲಿಸಿ, ಅಪರಿಚಿತ ಸಾಧನಗಳನ್ನು ತೆಗೆದುಹಾಕಬೇಕು. ಅನ್ಯರ ಫೋನಿನಲ್ಲಿ ಆಡಿದ ಬಳಿಕ ಖಾತೆಯಿಂದ ಹೊರಬರಲು ಮರೆಯಬಾರದು.

ಖಾತೆ ಕೈತಪ್ಪಿದಲ್ಲಿ

ಸುರಕ್ಷಿತವಾದ ಸಾಧನದಿಂದ ಇ-ಮೇಲ್ ಮತ್ತು ಆಟದ ಪಾಸ್‌ವರ್ಡ್‌ಗಳನ್ನು ಕೂಡಲೇ ಬದಲಾಯಿಸಿ, ಎಲ್ಲ ಸಾಧನಗಳಿಂದ ಹೊರಬಂದು, ಆಟದ ಸಂಸ್ಥೆಗೆ ತಿಳಿಸಬೇಕು. ಬಂದ ಸಂದೇಶಗಳನ್ನು ಅಳಿಸದೆ ಸಾಕ್ಷ್ಯವಾಗಿ ಉಳಿಸಿಕೊಳ್ಳಬೇಕು. ಹಣವೂ ಹೋಗಿದ್ದಲ್ಲಿ ತಡಮಾಡದೆ ಬ್ಯಾಂಕಿಗೆ ಹಾಗೂ 1930 ಸಹಾಯವಾಣಿಗೆ ಕರೆ ಮಾಡಬೇಕು. ರಾಷ್ಟ್ರೀಯ ಸೈಬರ್ ಅಪರಾಧ ವರದಿ ಜಾಲತಾಣದಲ್ಲಿಯೂ ದೂರು ದಾಖಲಿಸಬಹುದು.

ಮಾಹಿತಿ ತಂತ್ರಜ್ಞಾನ ಅಧಿನಿಯಮ, 2000ರ 66ಸಿ ಪ್ರಕರಣದಂತೆ ಇನ್ನೊಬ್ಬರ ಪಾಸ್‌ವರ್ಡನ್ನು ವಂಚನೆಯಿಂದ ಬಳಸುವುದು 3 ವರ್ಷಗಳವರೆಗಿನ ಕಾರಾವಾಸ ಮತ್ತು 1 ಲಕ್ಷ ರೂಪಾಯಿಗಳವರೆಗಿನ ದಂಡಕ್ಕೆ ಗುರಿಯಾಗುವ ಅಪರಾಧವಾಗಿದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಮೇರೆಗೆ, ಅಪರಾಧವು ಎಲ್ಲಿಯೇ ನಡೆದಿರಲಿ, ಇಂತಹ ಅಪರಾಧದ ಮಾಹಿತಿಯನ್ನು ಯಾವುದೇ ಪೊಲೀಸ್ ಠಾಣೆಯಲ್ಲಿ ನೀಡಬಹುದು. ಟಿಟ್ವಾಳಾದ ನಿವಾಸಿಯು ಕಳ್ಳನಿರುವ ಊರನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ.

ಖಾತೆ ಕಳೆದುಕೊಂಡ ಮಗು ಹಿರಿಯರ ಕೋಪಕ್ಕೆ ಹೆದರಿ ವಿಷಯವನ್ನು ಮುಚ್ಚಿಟ್ಟರೆ ಕಳ್ಳನಿಗೆ ಕಾಲಾವಕಾಶ ದೊರೆಯುತ್ತದೆ. ನಿರ್ಭಯವಾಗಿ ಹೇಳಿಕೊಳ್ಳುವ ವಾತಾವರಣವನ್ನು ಮನೆಯಲ್ಲಿ ಕಲ್ಪಿಸುವುದು ಪಾಲಕರ ಕರ್ತವ್ಯವಾಗಿದೆ.