ಮೊಟ್ಟೆಯ ಹಳದಿ ಕೆಂಪಗಿದ್ದರೆ ಶಕ್ತಿ ಜಾಸ್ತಿಯೇ? ನಗರದಲ್ಲಿ ನಾಟಿ ಮೊಟ್ಟೆ ಹುಡುಕುವವರಿಗೆ

ಪುಣೆಯಲ್ಲಿ ನಾನು ಔಷಧದಂಗಡಿಯ ಕೌಂಟರಿನಲ್ಲಿ ನಿಲ್ಲುತ್ತಿದ್ದ ಕಾಲದಲ್ಲಿ ಗದಗ ಕಡೆಯ ಹಿರಿಯರೊಬ್ಬರು ತಿಂಗಳಿಗೆ ಎರಡು ಸಲ ಬರುತ್ತಿದ್ದರು. ಅವರ ಹೆಂಡತಿಗೆ ವಾರಕ್ಕೆ ಮೂರು ಡಯಾಲಿಸಿಸ್. ಕನ್ನಡ ಮಾತಾಡುವವಳು ಸಿಕ್ಕಳೆಂದು ಮಾತ್ರೆ ಎಣಿಸುವಷ್ಟು ಹೊತ್ತು ಊರಿನ ಸುದ್ದಿ ಹೇಳುತ್ತಿದ್ದರು. ಒಂದು ದಿನ ಕೈಚೀಲ ತೆರೆದು ತೋರಿಸಿದರು: ‘ನೋಡವಾ, ಖರೇ ಗಾವರಾನ್ ತತ್ತಿ ಸಿಕ್ಕಾವು. ಒಡದ್ರ ಹಳದಿ ಕುಂಕುಮದಂಗ ಐತಿ. ಬಾಳ ತುಟ್ಟಿ. ಅದಕ್ಕ ಆಕಿಗೆ ದಿನಾ ಒಂದ ಕೊಡ್ತೀನಿ, ಅರ್ಧ ಬೇಯಿಸಿ.’

ಆಸ್ಪತ್ರೆಯ ಆಹಾರ ತಜ್ಞೆ ಬರೆದುಕೊಟ್ಟಿದ್ದ ಚೀಟಿಯೂ ಅದೇ ಚೀಲದಲ್ಲಿತ್ತು. ಅದರಲ್ಲಿ ಇದ್ದದ್ದು: ದಿನಕ್ಕೆ ಮೂರು ಮೊಟ್ಟೆಯ ಬಿಳಿ ಭಾಗ, ಪೂರ್ತಿ ಬೇಯಿಸಿದ್ದು. ‘ಬಿಳೀದ್ರಾಗ ಏನೈತಿ ಕಸುವು?’ ಎಂದು ಕಾಕಾ ಅದನ್ನು ಮಡಿಚಿ ಇಟ್ಟಿದ್ದರು.

ಮುಂಬೈ, ಚೆನ್ನೈ, ಹೈದರಾಬಾದ್, ದೆಹಲಿ ಎಲ್ಲೇ ಇರಲಿ, ಮನೆಯಲ್ಲಿ ಯಾರಾದರೂ ಕಾಯಿಲೆಯಿಂದ ಎದ್ದಾಗ ನಮ್ಮವರು ಮೊದಲು ಹುಡುಕುವುದು ನಾಟಿ ಕೋಳಿ ಮೊಟ್ಟೆ. ಊರಲ್ಲಿ ತಿಂದ ಮೊಟ್ಟೆಯ ಆ ಗಾಢ ಬಣ್ಣ ಕಣ್ಣಲ್ಲಿ ಉಳಿದಿರುತ್ತದೆ, ಅಂಗಡಿಯ ಟ್ರೇ ಮೊಟ್ಟೆಯ ಹಳದಿ ಅದರ ಮುಂದೆ ತೊಳೆದಂತೆ ಕಾಣುತ್ತದೆ. ಹುಡುಕುವುದು ತಪ್ಪಲ್ಲ. ಆದರೆ ಎರಡು ಮೂರು ಪಟ್ಟು ದುಡ್ಡು ಕೊಡುವ ಮೊದಲು ಆ ಬಣ್ಣ ಏನು ಹೇಳುತ್ತದೆ, ಏನು ಹೇಳುವುದಿಲ್ಲ ಎಂದು ತಿಳಿದಿರಲಿ.

ಬಣ್ಣ ಬರುವುದು ಕೋಳಿಯ ಮೇವಿನಿಂದ

ಹಳದಿಗೆ ಬಣ್ಣ ಕೊಡುವ ಲ್ಯೂಟಿನ್, ಜಿಯಾಕ್ಸಾಂಥಿನ್ ಮುಂತಾದ ವಸ್ತುಗಳನ್ನು ಕೋಳಿ ತನ್ನ ಮೈಯಲ್ಲಿ ತಯಾರಿಸಲಾರದು. ಹಸಿರು ಸೊಪ್ಪು, ಹುಲ್ಲು, ಹಳದಿ ಮೆಕ್ಕೆಜೋಳ ತಿಂದರೆ ಅವು ಸಿಗುತ್ತವೆ, ಕೊಬ್ಬಿನಲ್ಲಿ ಕರಗಿ ಹಳದಿ ಭಾಗಕ್ಕೆ ಸೇರುತ್ತವೆ. ನುಚ್ಚಕ್ಕಿ, ಗೋಧಿ, ಬಿಳಿಜೋಳ ತಿಂದ ಕೋಳಿಯ ಹಳದಿ ಪೇಲವ. ಅಂದರೆ ಅಪ್ಪಟ ನಾಟಿ ಕೋಳಿಯೇ ಆದರೂ, ಬೇಸಿಗೆಯಲ್ಲಿ ಹಿತ್ತಲು ಒಣಗಿ, ಮನೆಯವರು ಹಾಕಿದ ನುಚ್ಚನ್ನಷ್ಟೇ ತಿಂದರೆ ಅದರ ಮೊಟ್ಟೆಯ ಹಳದಿ ತೆಳುವಾಗಿರುತ್ತದೆ. ಮಳೆ ಬಿದ್ದು ಸೊಪ್ಪು ಚಿಗುರಿದ ಮೇಲೆ ಅದೇ ಕೋಳಿಯ ಮೊಟ್ಟೆಗೆ ಬಣ್ಣ ಬರುತ್ತದೆ.

ಇನ್ನೊಂದು ಕಡೆ, ಪಂಜರದಲ್ಲೇ ಇರುವ ಫಾರಂ ಕೋಳಿಯಿಂದಲೂ ಕಿತ್ತಳೆ ಬಣ್ಣದ ಹಳದಿ ಪಡೆಯಬಹುದು. ಮೇವಿಗೆ ಚೆಂಡು ಹೂವಿನ ಸಾರ ಅಥವಾ ಕೆಂಪು ಮೆಣಸಿನಕಾಯಿಯ ಸಾರ ಬೆರೆಸಿದರೆ ಸಾಕು. ಗುಂಡ್ಲುಪೇಟೆ ದಾರಿಯಲ್ಲಿ ಊಟಿಗೆ ಹೋದವರು ರಸ್ತೆಬದಿಯ ಚೆಂಡು ಹೂವಿನ ಹೊಲಗಳಲ್ಲಿ ಫೋಟೊ ತೆಗೆಸಿಕೊಂಡಿರುತ್ತೀರಿ. ಹಾಗೆ ಬೆಳೆದ ಹೂವೆಲ್ಲ ಮಾಲೆಗೆ ಹೋಗುವುದಿಲ್ಲ. ಒಣಗಿಸಿ ಬಣ್ಣದ ಸಾರ ತೆಗೆಯುವ ಕಾರ್ಖಾನೆಗೂ ಹೋಗುತ್ತದೆ, ಆ ಸಾರಕ್ಕೆ ದೊಡ್ಡ ಗಿರಾಕಿ ಕೋಳಿ ಮೇವಿನ ಉದ್ಯಮ. ನಾವು ಔಷಧದಂಗಡಿಯಲ್ಲಿ ಕಣ್ಣಿಗೆಂದು ಮಾರುವ ಲ್ಯೂಟಿನ್ ಮಾತ್ರೆಯ ಮೂಲವೂ ಹೆಚ್ಚಾಗಿ ಅದೇ ಹೂವು. ಹಳದಿಯ ಬಣ್ಣ ಅಳೆಯಲು ಉದ್ಯಮದವರ ಬಳಿ ಬೀಸಣಿಗೆಯಂತೆ ಬಿಚ್ಚುವ ಒಂದು ಪಟ್ಟಿ ಇರುತ್ತದೆ. ಅದರಲ್ಲಿ 1 ಎಂದರೆ ತೀರಾ ತೆಳು, 15 ಎಂದರೆ ಗಾಢ ಕಿತ್ತಳೆ. ಇಂಥ ನಂಬರಿನ ಬಣ್ಣ ಬೇಕೆಂದು ಮೊದಲೇ ನಿಗದಿ ಮಾಡಿ ಮೇವು ಬೆರೆಸುತ್ತಾರೆ.

ಹೂವಿನ ಸಾರದಿಂದ ಅಪಾಯವೇನಿಲ್ಲ. ಕಾರ್ಖಾನೆಯಲ್ಲಿ ತಯಾರಾದ ಕ್ಯಾಂಥಾಕ್ಸಾಂಥಿನ್ ಎಂಬ ಕೆಂಬಣ್ಣವೂ ಬಳಕೆಯಲ್ಲಿದೆ. ಚರ್ಮದ ಬಣ್ಣ ಬದಲಿಸಲು ಅದನ್ನು ಮಾತ್ರೆಯಾಗಿ ಹೆಚ್ಚು ಪ್ರಮಾಣದಲ್ಲಿ ನುಂಗಿದವರ ಕಣ್ಣಿನ ಅಕ್ಷಿಪಟಲದಲ್ಲಿ ಹರಳು ಕಟ್ಟಿದ್ದು ಕಂಡುಬಂದಿದ್ದರಿಂದ ಯುರೋಪಿನ ಒಕ್ಕೂಟ 2003ರಲ್ಲಿ ಮೊಟ್ಟೆ ಕೋಳಿಯ ಮೇವಿಗೆ ಕಿಲೋಗೆ 8 ಮಿಲಿಗ್ರಾಂ ಎಂಬ ಮಿತಿ ಹಾಕಿತು. ಮೊಟ್ಟೆಯ ಮೂಲಕ ನಮಗೆ ಸಿಗುವುದು ಆ ಮಾತ್ರೆಗಳ ಪ್ರಮಾಣಕ್ಕೆ ಹೋಲಿಸಿದರೆ ಬಹಳ ಕಡಿಮೆ.

ಹಾಗಾದರೆ ಬಣ್ಣದಲ್ಲಿ ಪೋಷಣೆಯೇ ಇಲ್ಲವೇ? ಇದೆ, ಆದರೆ ನೀವು ಅಂದುಕೊಂಡಷ್ಟಿಲ್ಲ. ಗಾಢ ಹಳದಿಯಲ್ಲಿ ಲ್ಯೂಟಿನ್ ಹೆಚ್ಚಿರಬಹುದು, ಅದು ಕಣ್ಣಿಗೆ ಒಳ್ಳೆಯದು. ಆದರೆ ಲ್ಯೂಟಿನ್ ನಮ್ಮ ದೇಹದಲ್ಲಿ ವಿಟಮಿನ್ ಎ ಆಗಿ ಬದಲಾಗುವುದಿಲ್ಲ. ಮೊಟ್ಟೆಯಲ್ಲಿರುವ ವಿಟಮಿನ್ ಎ ಬಹುಪಾಲು ರೆಟಿನಾಲ್ ರೂಪದಲ್ಲಿದ್ದು ಅದು ಹಳದಿಗೆ ಈ ಗಾಢ ಬಣ್ಣ ಕೊಡುವುದಿಲ್ಲ. ಪ್ರೋಟೀನ್‌ಗೂ ಬಣ್ಣಕ್ಕೂ ಸಂಬಂಧವೇ ಇಲ್ಲ. 50 ಗ್ರಾಂ ತೂಕದ ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ ಪ್ರೋಟೀನ್, ಹಳದಿ ಹೇಗೇ ಇರಲಿ. ನಾಟಿ ಮೊಟ್ಟೆ ಸಾಮಾನ್ಯವಾಗಿ ಚಿಕ್ಕದು, 40 ಗ್ರಾಂ ಆಸುಪಾಸು. ಹಾಗಾಗಿ ಒಂದೊಂದರ ಲೆಕ್ಕದಲ್ಲಿ ನೋಡಿದರೆ ಅದರಲ್ಲಿ ಪ್ರೋಟೀನ್ ಸ್ವಲ್ಪ ಕಡಿಮೆಯೇ. ಚಿಪ್ಪಿನ ಕಂದು ಬಣ್ಣವಂತೂ ತಳಿಯ ಗುಣ ಅಷ್ಟೇ, ಕಂದು ಮೊಟ್ಟೆ ಇಡುವ ಫಾರಂ ತಳಿಗಳೂ ಇವೆ.

ಹುಡುಕುವುದೇ ಆದರೆ

ಮೊದಲು ಹೆಸರು ಗೊತ್ತಿರಲಿ. ಪುಣೆ, ಮುಂಬೈಗಳಲ್ಲಿ ‘ಗಾವರಾನ್’ ಅಥವಾ ‘ಗಾವಠಿ ಅಂಡಿ’, ಹೈದರಾಬಾದಿನಲ್ಲಿ ‘ನಾಟು ಕೋಡಿ ಗುಡ್ಲು’, ಚೆನ್ನೈಯಲ್ಲಿ ‘ನಾಟ್ಟು ಕೋಳಿ ಮುಟ್ಟೈ’, ದೆಹಲಿಯಲ್ಲಿ ‘ದೇಸಿ ಅಂಡಾ’ ಎಂದು ಕೇಳಿ. ಪುಣೆಯ ಆಠವಡೆ ಬಾಜಾರ್, ಹೈದರಾಬಾದಿನ ರೈತು ಬಜಾರ್‌ಗಳ ಅಕ್ಕಪಕ್ಕ ಹಳ್ಳಿಯಿಂದ ತರಕಾರಿ ತರುವವರು ಬರುತ್ತಾರೆ. ಅವರ ಹತ್ತಿರ ಮೊಟ್ಟೆ ಇಲ್ಲದಿದ್ದರೂ ಯಾರ ಮನೆಯಲ್ಲಿ ಕೋಳಿ ಇದೆ ಎಂದು ಗೊತ್ತಿರುತ್ತದೆ. ವಾರಕ್ಕೊಮ್ಮೆ ತರಲು ಹೇಳಿಟ್ಟರೆ ಅಂಗಡಿಯಲ್ಲಿ ‘ನಾಟಿ’ ಎಂದು ಬರೆದ ಪೆಟ್ಟಿಗೆ ಕೊಳ್ಳುವುದಕ್ಕಿಂತ ನಂಬಿಕೆ ಹೆಚ್ಚು.

ಮಾರುವವರ ಮಾತನ್ನು ಒಂದು ಸಣ್ಣ ಲೆಕ್ಕದಿಂದ ಪರೀಕ್ಷಿಸಬಹುದು. ಅಪ್ಪಟ ದೇಶಿ ಕೋಳಿ ವರ್ಷಕ್ಕೆ ಇಡುವುದು ಹೆಚ್ಚುಕಡಿಮೆ 60ರಿಂದ 80 ಮೊಟ್ಟೆ, ಫಾರಂ ಕೋಳಿ ಸುಮಾರು 300. ನಡುವೆ ಬಿಟ್ಟು ಬಿಟ್ಟು ಕಾವಿಗೆ ಕೂರುವುದೂ ನಾಟಿ ಕೋಳಿಯ ಸ್ವಭಾವ. ಹಾಗಿರುವಾಗ ನಿಮ್ಮ ಬೀದಿಯ ಅಂಗಡಿಯಲ್ಲಿ ವರ್ಷವಿಡೀ, ಪ್ರತಿದಿನ, ಒಂದೇ ಗಾತ್ರದ ಟ್ರೇಗಟ್ಟಲೆ ‘ನಾಟಿ’ ಮೊಟ್ಟೆ ಎಲ್ಲಿಂದ ಬರುತ್ತದೆ? ಅವು ಹೆಚ್ಚಾಗಿ ಸುಧಾರಿತ ತಳಿಯವು. ಹಿತ್ತಲಿನಲ್ಲಿ ಸಾಕಲೆಂದೇ ಹೈದರಾಬಾದಿನ ಕುಕ್ಕುಟ ಸಂಶೋಧನಾ ನಿರ್ದೇಶನಾಲಯ ‘ಗ್ರಾಮಪ್ರಿಯ’, ‘ವನರಾಜ’ ತಳಿಗಳನ್ನು, ಬೆಂಗಳೂರಿನ ಹೆಬ್ಬಾಳದಲ್ಲಿ ‘ಗಿರಿರಾಜ’ವನ್ನು ರೂಪಿಸಿದ್ದಾರೆ. ಹೊಲದಲ್ಲಿ ಮೇಯಲು ಬಿಟ್ಟರೆ ಇವುಗಳ ಮೊಟ್ಟೆಯ ಹಳದಿಯೂ ಚೆನ್ನಾಗಿಯೇ ಇರುತ್ತದೆ. ‘ಇದು ನಾಟಿಯಲ್ಲ, ಮೋಸ’ ಎಂದು ಜಗಳ ತೆಗೆಯುವ ಅಗತ್ಯವಿಲ್ಲ, ನಾಟಿಯ ಬೆಲೆ ಕೊಡುವ ಅಗತ್ಯವೂ ಇಲ್ಲ. ನಿಜವಾದ ಮೋಸ ಬೇರೆ: ಬಿಳಿ ಮೊಟ್ಟೆಗೆ ಬಣ್ಣ ಕಟ್ಟಿ ದೇಸಿ ಎಂದು ಮಾರಿದ ಪ್ರಕರಣಗಳು ಸುದ್ದಿಯಾಗಿವೆ. ಒದ್ದೆ ಬಟ್ಟೆಯಿಂದ ಒರೆಸಿದಾಗ ಬಟ್ಟೆಗೆ ದಟ್ಟವಾಗಿ ಬಣ್ಣ ಹತ್ತಿದರೆ ಅನುಮಾನಪಡಿ.

ನನ್ನ ಅನುಭವದಲ್ಲಿ ಒಳ್ಳೆಯ ಗುರುತು ಎಂದರೆ ಏರುಪೇರು. ಮೇಯಲು ಬಿಟ್ಟ ಹತ್ತು ಕೋಳಿಗಳ ಮೊಟ್ಟೆ ತಂದು ಒಡೆದರೆ ಒಂದರ ಹಳದಿ ಕಿತ್ತಳೆ, ಇನ್ನೊಂದರದು ತಿಳಿ, ಗಾತ್ರವೂ ಹೆಚ್ಚು ಕಡಿಮೆ. ಹನ್ನೆರಡಕ್ಕೆ ಹನ್ನೆರಡೂ ಒಂದೇ ಗಾಢ ಬಣ್ಣ, ಏಪ್ರಿಲ್‌ನಲ್ಲೂ ಆಗಸ್ಟ್‌ನಲ್ಲೂ ಅದೇ ಬಣ್ಣ ಎಂದರೆ ಅದನ್ನು ಮೇವಿನ ಚೀಲದಿಂದ ತಂದದ್ದೆಂದು ತಿಳಿಯಬಹುದು.

ಒಂದು ಎಚ್ಚರಿಕೆಯ ಮಾತು. ಕೋಳಿ ಕೆದಕುವ ನೆಲ ಹೇಗಿದೆ ಎಂಬುದೂ ಮುಖ್ಯ. ನಗರದೊಳಗೇ ಗಟಾರದ ಬದಿ, ಗುಜರಿ ಅಂಗಡಿ ಅಥವಾ ಹಳೆಯ ಬ್ಯಾಟರಿ ಬಿಚ್ಚುವ ಜಾಗದ ಹತ್ತಿರ ಓಡಾಡುವ ಕೋಳಿ ಮಣ್ಣಿನ ಜೊತೆ ಸೀಸವನ್ನೂ ನುಂಗುತ್ತದೆ, ಅದು ಮೊಟ್ಟೆಗೂ ಬರುತ್ತದೆ. ಚಿಕ್ಕ ಮಕ್ಕಳಿಗೆ, ಬಸುರಿಗೆ ಅಂಥ ಮೊಟ್ಟೆಗಿಂತ ಸಾಧಾರಣ ಟ್ರೇ ಮೊಟ್ಟೆಯೇ ಲೇಸು.

ತಾಜಾತನ ಬಣ್ಣದಲ್ಲಿಲ್ಲ

ಹಳೆಯ ಮೊಟ್ಟೆಯ ಹಳದಿಯೂ ಕೆಂಪಗಿರಬಹುದು. ತಟ್ಟೆಗೆ ಒಡೆದಾಗ ಹಳದಿ ಗುಂಡಗೆ ಎದ್ದು ನಿಂತು, ಸುತ್ತ ಬಿಳಿ ಲೋಳೆ ಗಟ್ಟಿಯಾಗಿ ಕೂಡಿಕೊಂಡಿದ್ದರೆ ಹೊಸದು. ನೀರಿನಂತೆ ಹರಡಿ ಹಳದಿ ಚಪ್ಪಟೆಯಾದರೆ ದಿನಗಳಾಗಿವೆ. ಚಿಪ್ಪಿನ ಸಣ್ಣ ರಂಧ್ರಗಳಿಂದ ತೇವ ಆರಿದಂತೆ ಒಳಗಿನ ಗಾಳಿಗೂಡು ದೊಡ್ಡದಾಗುತ್ತದೆ, ಹಾಗಾಗಿ ಹಳೆಯ ಮೊಟ್ಟೆ ನೀರಲ್ಲಿ ತೇಲುತ್ತದೆ. ಈ ಪರೀಕ್ಷೆ ವಯಸ್ಸನ್ನು ಹೇಳುತ್ತದೆ, ರೋಗಾಣು ಇದೆಯೋ ಇಲ್ಲವೋ ಹೇಳುವುದಿಲ್ಲ. ಹಿಕ್ಕೆ ಮೆತ್ತಿದ ಮೊಟ್ಟೆಯನ್ನು ತಂದ ಕೂಡಲೇ ತೊಳೆದು ಇಡಬೇಡಿ. ತೊಳೆದರೆ ಚಿಪ್ಪಿನ ಮೇಲಿನ ರಕ್ಷಣೆಯ ಪೊರೆ ಹೋಗಿ ಕೊಳೆ ಒಳಗಿಳಿಯುತ್ತದೆ. ಒಣ ಬಟ್ಟೆಯಿಂದ ಒರೆಸಿ ಫ್ರಿಜ್ಜಿನಲ್ಲಿಡಿ, ಬೇಯಿಸುವ ಮುಂಚೆ ತೊಳೆಯಿರಿ. ಬಿರುಕು ಬಿಟ್ಟದ್ದನ್ನು ರೋಗಿಗೆ ಕೊಡಬೇಡಿ.

ಮಾತ್ರೆ ತೆಗೆದುಕೊಳ್ಳುವವರ ಮನೆಯಲ್ಲಿ

‘ಫಾರಂ ಮೊಟ್ಟೆ ಅರ್ಧ ಬೇಯಿಸಿ ಕೊಡಲ್ಲ ಮೇಡಂ, ನಾಟಿಯದು ಮಾತ್ರ’ ಎನ್ನುವವರು ಬಹಳ. ಸಾಲ್ಮೊನೆಲ್ಲಾ ಎಂಬ ರೋಗಾಣು ನಾಟಿ ಕೋಳಿಯ ಹೊಟ್ಟೆಯಲ್ಲೂ ಇರಬಹುದು. ಗಟ್ಟಿಮುಟ್ಟಾದವರಿಗೆ ಅದರಿಂದ ನಾಲ್ಕು ದಿನ ಭೇದಿ, ಜ್ವರ. ಕಿಮೊಥೆರಪಿ ಪಡೆಯುವವರು, ಅಂಗ ಕಸಿ ಮಾಡಿಸಿಕೊಂಡವರು, ಡಯಾಲಿಸಿಸ್ ರೋಗಿಗಳು, ಹೆಚ್ಚು ದಿನ ಸ್ಟೆರಾಯ್ಡ್ ಮಾತ್ರೆ ನುಂಗುವವರು, ಬಸುರಿಯರು, ಕೂಸುಗಳು ಮತ್ತು ವಯಸ್ಸಾದವರಿಗೆ ಅದೇ ಸೋಂಕು ರಕ್ತಕ್ಕೆ ಇಳಿಯಬಹುದು. ಪ್ಯಾಂಟೊಪ್ರಜೋಲ್‌ನಂಥ ಗ್ಯಾಸಿನ ಮಾತ್ರೆಯನ್ನು ದಿನಾ ತೆಗೆದುಕೊಳ್ಳುವವರಿಗೂ ಅಪಾಯ ಸ್ವಲ್ಪ ಹೆಚ್ಚು, ಏಕೆಂದರೆ ರೋಗಾಣುವನ್ನು ಕೊಲ್ಲುವ ಹೊಟ್ಟೆಯ ಆಮ್ಲವೇ ಕಡಿಮೆಯಾಗಿರುತ್ತದೆ. ಇವರೆಲ್ಲರಿಗೂ ಹಳದಿ ಗಟ್ಟಿಯಾಗುವವರೆಗೆ ಬೇಯಿಸಿ. ಬಾಣಂತಿಗೆ ಹಸಿ ಮೊಟ್ಟೆಯನ್ನು ಬಿಸಿ ಹಾಲಿಗೆ ಒಡೆದು ಕೊಡುವ ರೂಢಿಯನ್ನು ಬಿಡುವುದು ಒಳ್ಳೆಯದು, ಬೇಯಿಸಿದ ಮೊಟ್ಟೆಯ ಪ್ರೋಟೀನೇ ಹೆಚ್ಚು ಚೆನ್ನಾಗಿ ಜೀರ್ಣವಾಗುತ್ತದೆ. ಹೆಚ್ಚು ಬೆಂದಾಗ ಹಳದಿಯ ಸುತ್ತ ಕಾಣುವ ಹಸಿರು ಉಂಗುರ ಕೆಟ್ಟದ್ದಲ್ಲ, ಹೆದರಬೇಡಿ.

ರಕ್ತಹೀನತೆಗೆ ಕಬ್ಬಿಣಾಂಶದ ಮಾತ್ರೆ ತೆಗೆದುಕೊಳ್ಳುವವರು ಅದನ್ನು ಮೊಟ್ಟೆಯ ಜೊತೆ ನುಂಗಬಾರದು. ಮೊಟ್ಟೆ ಕಬ್ಬಿಣಾಂಶ ಹೀರಿಕೆಯಾಗದಂತೆ ತಡೆಯುತ್ತದೆ. ಮೊಟ್ಟೆ ತಿನ್ನುವ ಒಂದು ಗಂಟೆ ಮೊದಲು ಅಥವಾ ಎರಡು ಗಂಟೆ ನಂತರ ಮಾತ್ರೆ ತೆಗೆದುಕೊಳ್ಳಿ.

ಇನ್ನು ಕಿಡ್ನಿ ರೋಗಿಗಳು. ಡಯಾಲಿಸಿಸ್ ಮಾಡಿಸಿದಾಗಲೆಲ್ಲ ಪ್ರೋಟೀನಿನ ಅಂಶ ಸ್ವಲ್ಪ ಸೋರಿಹೋಗುತ್ತದೆ, ಹಾಗಾಗಿ ಪ್ರೋಟೀನ್ ಹೆಚ್ಚು ತಿನ್ನಬೇಕು. ಅದೇ ಹೊತ್ತಿಗೆ ಫಾಸ್ಫರಸ್ ಹೊರಗೆ ಹೋಗದೆ ರಕ್ತದಲ್ಲಿ ಉಳಿಯುತ್ತದೆ, ಮೈ ನವೆಯಾಗುತ್ತದೆ, ಮೂಳೆ ಸವೆಯುತ್ತದೆ, ರಕ್ತನಾಳ ಗಡುಸಾಗುತ್ತದೆ. ಊಟದ ಜೊತೆ ಕೊಡುವ ಸೆವೆಲಮರ್ ಅಥವಾ ಕ್ಯಾಲ್ಸಿಯಂ ಅಸಿಟೇಟ್ ಮಾತ್ರೆ ಅದಕ್ಕಾಗಿಯೇ. ಮಾಮೂಲಿ ಗಾತ್ರದ ಮೊಟ್ಟೆಯೊಂದರ ಹಳದಿಯಲ್ಲಿ ಸುಮಾರು 65 ಮಿಲಿಗ್ರಾಂ ಫಾಸ್ಫರಸ್, ಬಿಳಿಯಲ್ಲಿ 5 ಮಾತ್ರ. ಮೂರು ಬಿಳಿ ತಿಂದರೆ 10 ಗ್ರಾಂ ಮೇಲೆ ಪ್ರೋಟೀನ್, 15 ಮಿಲಿಗ್ರಾಂ ಫಾಸ್ಫರಸ್. ಒಂದು ನಾಟಿ ಮೊಟ್ಟೆ ಪೂರ್ತಿ ತಿಂದರೆ ಪ್ರೋಟೀನ್ ಅದರ ಅರ್ಧ, ಫಾಸ್ಫರಸ್ ಎಷ್ಟೋ ಪಟ್ಟು. ಆಹಾರ ತಜ್ಞೆಯ ಚೀಟಿಯ ಹಿಂದೆ ಇದ್ದದ್ದು ಈ ಲೆಕ್ಕ.

ಕಾಕಾಗೆ ಇದನ್ನೇ ಬಿಲ್ಲಿನ ಹಿಂಬದಿ ಬರೆದು ತೋರಿಸಿದೆ. ತುಂಬಾ ಹೊತ್ತು ನೋಡಿದರು. ‘ಅಂದ್ರ ಆಕಿಗೆ ಆ ಅಗ್ಗದ ತತ್ತೀನ ಸಾಕು ಅಂತೀ?’ ಎಂದರು. ಸಾಕು, ಬಿಳಿಗೆ ಸ್ವಲ್ಪ ಮೆಣಸಿನಪುಡಿ, ನಿಂಬೆರಸದ ಒಂದೆರಡು ಹನಿ ಹಾಕಿ ಕೊಡಿ, ಸಪ್ಪೆ ಅನಿಸುವುದಿಲ್ಲ ಎಂದೆ. ಮುಂದಿನ ಸಲ ಬಂದಾಗ ಖುಷಿಯಲ್ಲಿದ್ದರು. ಹೆಂಡತಿ ಬೇಸರಿಸದೆ ಮೂರೂ ಬಿಳಿ ತಿನ್ನುತ್ತಿದ್ದಾರಂತೆ.

‘ಮತ್ತ ಹಳದಿ?’ ಎಂದು ಕೇಳಿದೆ.

‘ಚೆಲ್ಲಾಕ ಮನಸ ಬರಂಗಿಲ್ಲವಾ. ನಾನ ತಿಂತೀನಿ, ದಿನಾ ಮೂರು.’

ಅವರ ಕೈಯಲ್ಲಿದ್ದ ಎರಡನೇ ಚೀಟಿ ಅವರದೇ, ಕೊಲೆಸ್ಟ್ರಾಲಿಗೆ ಬರೆದ ಅಟೊರ್ವಾಸ್ಟಾಟಿನ್. ಒಂದು ಹಳದಿಯಲ್ಲಿ ಸುಮಾರು 185 ಮಿಲಿಗ್ರಾಂ ಕೊಲೆಸ್ಟ್ರಾಲ್ ಇದೆ. ಅದನ್ನೂ ಬಿಲ್ಲಿನ ಹಿಂಬದಿ ಬರೆದುಕೊಟ್ಟೆ.