ಥೈರಾಯ್ಡ್ ಆಪರೇಷನ್‌ಗೆ ಮುನ್ನ ವಿಟಮಿನ್ ಡಿ ನೋಡಿಸಿದ್ದೀರಾ?



ನಮ್ಮ ಸುಬಾಂಗ್ ಜಯಾ ಸಮಭಾಜಕ ವೃತ್ತದಿಂದ ಬರೀ 3 ಡಿಗ್ರಿ ಉತ್ತರಕ್ಕಿದೆ. ಹನ್ನೆರಡು ತಿಂಗಳೂ ಬಿಸಿಲು. ಆದರೂ ನಮ್ಮವರ ರಕ್ತಪರೀಕ್ಷೆಯಲ್ಲಿ ವಿಟಮಿನ್ ಡಿ ಕಡಿಮೆ ಎಂದು ಬರುವುದು ಅಪರೂಪವಲ್ಲ. ಮನೆಯಿಂದ ಕಾರು, ಕಾರಿನಿಂದ ಎ.ಸಿ. ಆಫೀಸು, ಸಂಜೆ ಮಾಲ್. ಚರ್ಮದಲ್ಲಿ ಈ ವಿಟಮಿನ್ ತಯಾರಾಗಲು ಬೇಕಾದ ಕಿರಣ ಗಾಜು ದಾಟಿ ಬರುವುದಿಲ್ಲ; ಬೆಳಗಿನ ವಾಕಿಂಗ್‌ನ ಎಳೆಬಿಸಿಲಿನಲ್ಲೂ ಅದು ತೀರಾ ಕಡಿಮೆ. ನಮ್ಮ ಕಂದು ಮೈಬಣ್ಣಕ್ಕಂತೂ ಹೆಚ್ಚು ಹೊತ್ತಿನ ಬಿಸಿಲು ಬೇಕು. ರಾಗಿಮುದ್ದೆ ಉಣ್ಣುತ್ತೇವಲ್ಲ ಎಂದರೆ, ರಾಗಿಯಲ್ಲಿ ಕ್ಯಾಲ್ಸಿಯಂ ಧಾರಾಳವಾಗಿದೆ, ವಿಟಮಿನ್ ಡಿ ಇಲ್ಲ.

ಮನೆಯಲ್ಲಿ ಯಾರಿಗಾದರೂ ಥೈರಾಯ್ಡ್ ಪೂರ್ತಿ ತೆಗೆಯಲು ದಿನ ಗೊತ್ತಾಗಿದ್ದರೆ ಈ ಕೊರತೆಯನ್ನು ಹಗುರವಾಗಿ ತೆಗೆದುಕೊಳ್ಳುವಂತಿಲ್ಲ.

ಥೈರಾಯ್ಡ್‌ನ ಹಿಂಬದಿಗೆ ಅಕ್ಕಿಕಾಳಿನಷ್ಟು ದೊಡ್ಡ ಪ್ಯಾರಾಥೈರಾಯ್ಡ್ ಗ್ರಂಥಿಗಳು ಸಾಮಾನ್ಯವಾಗಿ ನಾಲ್ಕು ಇರುತ್ತವೆ. (ಇವು ಮೊದಲು ಕಣ್ಣಿಗೆ ಬಿದ್ದದ್ದು ಲಂಡನ್ ಮೃಗಾಲಯದಲ್ಲಿ ಸತ್ತ ಭಾರತದ ಖಡ್ಗಮೃಗವೊಂದರಲ್ಲಿ, ಮನುಷ್ಯರಲ್ಲಿ ಇವನ್ನು ವಿವರಿಸಿದವರು 1880ರಲ್ಲಿ ಸ್ವೀಡನ್ನಿನ ಇವಾರ್ ಸ್ಯಾಂಡ್‌ಸ್ಟ್ರೋಮ್.) ರಕ್ತದ ಕ್ಯಾಲ್ಸಿಯಂ ಕಾಯುವುದು ಇವುಗಳ ಕೆಲಸ. ಶಸ್ತ್ರವೈದ್ಯರು ಎಷ್ಟೇ ನಾಜೂಕಾಗಿ ಕೆಲಸ ಮಾಡಿದರೂ ಇವುಗಳಿಗೆ ಹೋಗುವ ರಕ್ತ ಕೆಲದಿನ ಕಡಿಮೆಯಾಗಬಹುದು. ಆಗ ಮೂತ್ರಪಿಂಡದಲ್ಲಿ ವಿಟಮಿನ್ ಡಿ ಚುರುಕಾಗುವುದೂ ತಗ್ಗುತ್ತದೆ, ಊಟದ ಕ್ಯಾಲ್ಸಿಯಂ ಕರುಳಿನಿಂದ ಸರಿಯಾಗಿ ಒಳಸೇರುವುದಿಲ್ಲ. ದೇಹದಲ್ಲಿ ವಿಟಮಿನ್ ದಾಸ್ತಾನೇ ಇಲ್ಲದಿದ್ದರೆ ತೊಂದರೆ ಇಮ್ಮಡಿ. ಥೈರಾಯ್ಡ್ ಅತಿಯಾಗಿ ಕೆಲಸ ಮಾಡುತ್ತಿದ್ದವರಲ್ಲಿ ಸವೆದಿದ್ದ ಮೂಳೆಗಳು ಆಪರೇಷನ್ ನಂತರ ಹಸಿದವರಂತೆ ಕ್ಯಾಲ್ಸಿಯಂ ಎಳೆದುಕೊಳ್ಳುವುದೂ ಉಂಟು.

ಎಲ್ಲ ಅಧ್ಯಯನಗಳೂ ಇದನ್ನು ಒಂದೇ ದನಿಯಲ್ಲಿ ಹೇಳಿಲ್ಲ. ಆದರೂ ಸಾಧ್ಯವಿದ್ದಲ್ಲಿ ಆಪರೇಷನ್‌ಗೆ ಮೊದಲೇ ಕೊರತೆ ಸರಿಪಡಿಸಿಕೊಳ್ಳುವುದು ಒಳ್ಳೆಯದೆಂದು ಅಮೆರಿಕನ್ ಥೈರಾಯ್ಡ್ ಅಸೋಸಿಯೇಷನ್ 2018ರಲ್ಲಿ ಹೇಳಿದೆ. ಒಂದು ರಕ್ತಪರೀಕ್ಷೆ, ಕೆಲವು ವಾರಗಳ ಮಾತ್ರೆ. ನಮ್ಮ ದೃಷ್ಟಿಯಲ್ಲಿ ಕೇಳಿಯೇ ಕೇಳಬೇಕಾದ ಪ್ರಶ್ನೆ ಇದು. ಹಾಗೆಂದು ಕ್ಯಾನ್ಸರ್ ಶಸ್ತ್ರಚಿಕಿತ್ಸೆಯನ್ನು ಇದಕ್ಕಾಗಿ ನೀವಾಗಿಯೇ ಮುಂದೂಡಬೇಡಿ.

ಊರಿಗೂ ಇಲ್ಲಿಗೂ ಓಡಾಡುವ ನಾವು ವರದಿಯ ಅಳತೆಯನ್ನೂ ಗಮನಿಸಬೇಕು. ಬೆಂಗಳೂರಿನ ಲ್ಯಾಬ್‌ಗಳು ಸಾಮಾನ್ಯವಾಗಿ ನ್ಯಾನೋಗ್ರಾಂನಲ್ಲಿ ಬರೆದರೆ ಇಲ್ಲಿ ನ್ಯಾನೋಮೋಲ್‌ನಲ್ಲಿ ಬರೆಯುವುದು ರೂಢಿ. ಅಲ್ಲಿನ 20 ಎಂದರೆ ಇಲ್ಲಿನ 50. ಅದಕ್ಕಿಂತ ಕಡಿಮೆಯಿದ್ದರೆ ಕೊರತೆಯೆಂದು ಬಹುತೇಕ ವೈದ್ಯರು ಪರಿಗಣಿಸುತ್ತಾರೆ.

ಊರಿನಿಂದ ಸೂಟ್‌ಕೇಸಿನಲ್ಲಿ ಬರುವ 60,000 ಯೂನಿಟ್‌ನ ಪುಡಿ ಪ್ಯಾಕೆಟ್ಟುಗಳ ಬಗ್ಗೆಯೂ ಒಂದು ಮಾತು. ಅವನ್ನು ಸಾಮಾನ್ಯವಾಗಿ ವಾರಕ್ಕೊಂದರಂತೆ ಕೊಡುತ್ತಾರೆ. ಬೇಗ ಸರಿಹೋಗಲೆಂದು ದಿನಾ ಕುಡಿದರೆ ರಕ್ತದಲ್ಲಿ ಕ್ಯಾಲ್ಸಿಯಂ ವಿಪರೀತ ಏರಿ ಮೂತ್ರಪಿಂಡಕ್ಕೇ ಅಪಾಯ. ವೈದ್ಯರನ್ನು ಕೇಳದೆ ಮುಟ್ಟಬೇಡಿ.

ಆಪರೇಷನ್ ಆದ ಎರಡು ಮೂರು ದಿನಗಳಲ್ಲಿ ಕ್ಯಾಲ್ಸಿಯಂ ಅತಿ ಕೆಳಗಿಳಿಯುವ ಸಂಭವ ಹೆಚ್ಚು. ಅಷ್ಟರಲ್ಲಿ ಎಷ್ಟೋ ಮಂದಿ ಮನೆಗೆ ಬಂದಿರುತ್ತಾರೆ. ತುಟಿಯ ಸುತ್ತ ಅಥವಾ ಬೆರಳ ತುದಿಯಲ್ಲಿ ಜುಮುಜುಮು ಎಂದರೆ, ಕೈಕಾಲು ಸೆಟೆದುಕೊಂಡರೆ, ಸುಸ್ತಿರಬೇಕು ಎಂದು ಮಲಗಿಸಬೇಡಿ. ರಾತ್ರಿಯಾದರೂ ಸರಿ, ತಕ್ಷಣ ಆಸ್ಪತ್ರೆಗೆ ಫೋನ್ ಮಾಡಿ. ಉಸಿರಾಟಕ್ಕೆ ಕಷ್ಟವಾದರೆ, ಕತ್ತು ಊದಿದರೆ 999ಕ್ಕೆ ಕರೆಮಾಡಿ. ಈ ವಿಷಯ ರೋಗಿಗಷ್ಟೇ ಅಲ್ಲ, ಊರಿನಿಂದ ಆರೈಕೆಗೆ ಬಂದಿರುವ ಅಮ್ಮನಿಗೋ ಅತ್ತೆಗೋ ಕನ್ನಡದಲ್ಲಿ ಮೊದಲೇ ತಿಳಿಸಿಡಿ. ಥೈರಾಕ್ಸಿನ್ ಮಾತ್ರೆಯನ್ನು ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ, ಕ್ಯಾಲ್ಸಿಯಂ ಮಾತ್ರೆಯನ್ನು ಕನಿಷ್ಠ ನಾಲ್ಕು ಗಂಟೆ ಬಿಟ್ಟು ಕೊಡಬೇಕೆಂದೂ ಅವರಿಗೆ ಹೇಳಿ.